ಅದು ಕೈಜಾರಿ ಬಿದ್ದದ್ದಲ್ಲ

ಕಿಲಿಮಂಜಾರೊ ವಿಮಾನ ನಿಲ್ದಾಣ

ತಾಂಜಾನಿಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಮಂಡ್ಯದಲ್ಲಿ ಎಲ್ಲರೂ ಕೇಳುವುದು ಸಿಂಹದ ಸುದ್ದಿ. ಸಿಂಹವನ್ನು ನೋಡಿದೆ. ಮರದ ನೆರಳಲ್ಲಿ ಮಲಗಿತ್ತು, ನಮ್ಮ ಕಡೆ ತಲೆಯನ್ನೂ ಎತ್ತಲಿಲ್ಲ. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ಮನುಷ್ಯರ ಮೇಲೆ.

ನನ್ನ ತಂಗಿಯ ಮಗಳು ಗೌತಮಿ ಆರುಶಾ ಎಂಬ ಊರಿನಲ್ಲಿ ಪೈಲಟ್. ಪ್ರವಾಸಿಗರನ್ನು ಕಾಡಿನ ನಡುವಿನ ಮಣ್ಣಿನ ರನ್‌ವೇಗಳಿಗೆ ಇಳಿಸಿ ಬರುವ ಸಣ್ಣ ವಿಮಾನಗಳ ಕಂಪನಿ ಅವಳದ್ದು. ಅವಳು ಮಂಡ್ಯದ ಹತ್ತಿರದ ದುದ್ದ ಎಂಬ ಊರಿನ ಹುಡುಗಿ. ಸರ್ಕಾರದ ನೆರವಿನಿಂದ ತರಬೇತಿ ಮುಗಿಸಿ, ಇಲ್ಲಿ ಕೆಲಸಕ್ಕೆ ಅಲೆದು ಸಾಕಾಗಿ ಅಲ್ಲಿಗೆ ಹೋದವಳು. ಸಹ ಪೈಲಟ್ ಆಗಿ ಸೇರಿದ್ದವಳಿಗೆ ಈ ಸಲ ಕ್ಯಾಪ್ಟನ್ ಆಗುವ ಸರದಿ ಬಂದಿತ್ತು. ಆಮೇಲೆ ಬಿಡುವು ಸಿಗುವುದಿಲ್ಲ, ಈಗಲೇ ಬಂದು ಹೋಗು ಎಂದು ಕರೆದಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿಗಳ ಜೊತೆ ಆಯುಷ್ಯ ಕಳೆದು ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದ ನಾನು ಹೊರಟುಬಿಟ್ಟೆ.

ಇಳಿದ ಕೂಡಲೇ ಕಸ್ಟಮ್ಸ್‌ನವರು ನನ್ನ ಚೀಲ ಬಿಚ್ಚಿಸಿದರು. ಒಳಗೆ ಬಟ್ಟೆಯ ಗಂಟಿನಲ್ಲಿ ರಾಗಿ ಹಿಟ್ಟು. ಏನೋ ಮಾದಕ ಪದಾರ್ಥವೆಂದುಕೊಂಡನೋ ಏನೋ, ಅಧಿಕಾರಿ ಇನ್ನೊಬ್ಬನನ್ನು ಕರೆದ. ಇದು ಊಟದ ಹಿಟ್ಟು ಎಂದು ನಾನು ಜೋರು ಮಾಡುತ್ತಿರುವಾಗಲೇ ಆ ಇನ್ನೊಬ್ಬ ಒಂದು ಚಿಟಿಕೆ ತೆಗೆದು ಮೂಸಿ, ನಾಲಗೆಗಿಟ್ಟು, ನಕ್ಕುಬಿಟ್ಟ. "ಉಲೇಜಿ" ಎಂದ. ಅವನ ಅಜ್ಜಿ ದಿನಾ ಬೆಳಿಗ್ಗೆ ಕುಡಿಸುತ್ತಿದ್ದ ಅಂಬಲಿಯ ಹಿಟ್ಟು ಅದೇ ಅಂತೆ. ರಾಗಿ ಆಫ್ರಿಕಾದ ಆ ಭಾಗದಿಂದಲೇ ನಮ್ಮ ಕಡೆಗೆ ಬಂದದ್ದು ಎಂದು ಫಾರಂಗೆ ಬಂದ ಎಷ್ಟೋ ಜನರಿಗೆ ಪಾಠ ಹೇಳಿದವಳು ನಾನೇ. ಈಗ ಅದನ್ನು ಅದರ ತವರಿಗೇ ಉಡುಗೊರೆಯಾಗಿ ಹೊತ್ತು ತಂದಿದ್ದೆ. ಅವನು ಗಂಟನ್ನು ಮೊದಲಿಗಿಂತ ಚೆನ್ನಾಗಿ ಕಟ್ಟಿಕೊಟ್ಟು, ಪ್ರಯಾಣ ಹೇಗಿತ್ತು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದೆಲ್ಲ ವಿಚಾರಿಸಿ ಕಳಿಸಿದ.

ಆರುಶಾ

ಆ ಊರಿನಲ್ಲಿ ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಟೊಮೇಟೊ ಕೊಳ್ಳಲು ಹೋದರೂ ಬೆಳಗು ಹೇಗಿದೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ ಎಂದು ಕೇಳಿಯೇ ಬೆಲೆ ಹೇಳುವುದು. "ಯಾಕ್ ಬಂದೆ, ಏನ್ ಬೇಕು" ಎಂಬ ನಮ್ಮ ಮಂಡ್ಯದ ಸತ್ಕಾರದಲ್ಲಿ ಬೆಳೆದ ನನಗೆ ಮೊದಲೆರಡು ದಿನ ತಲೆ ಚಿಟ್ಟು ಹಿಡಿಯಿತು. ಇನ್ನೊಂದು ಅಭ್ಯಾಸ ಮಾತ್ರ ನನಗೆ ತುಂಬ ಹಿಡಿಸಿತು. ಯಾರಿಗಾದರೂ ಏನಾದರೂ ತೊಂದರೆಯಾದರೆ, ಅದಕ್ಕೆ ಅವರು ಕಾರಣವಲ್ಲದಿದ್ದರೂ, "ಪೋಲೆ" ಎನ್ನುತ್ತಾರೆ. ಹಾಗಾಗಬಾರದಿತ್ತು, ಬೇಜಾರಾಯಿತು ಎನ್ನುವುದಕ್ಕೆ ಅದೊಂದೇ ಮಾತು. ಮೆಟ್ಟಿಲಿನಲ್ಲಿ ನಾನು ಎಡವಿದಾಗ ರಸ್ತೆಯಾಚೆ ಜೋಳ ಸುಡುತ್ತಿದ್ದ ಹೆಂಗಸು ಅಲ್ಲಿಂದಲೇ "ಪೋಲೆ ಮಾಮಾ" ಎಂದಳು. ಮಾಮಾ ಎಂದರೆ ಅಲ್ಲಿ ತಾಯಿ.

ಅವರ ಮುಖ್ಯ ಊಟ ಉಗಾಲಿ, ಮೆಕ್ಕೆಜೋಳದ ಮುದ್ದೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೆ ಅದ್ದುವವರೆಗೆ ಎಲ್ಲವೂ ನಮ್ಮಂತೆಯೇ. ಆಮೇಲೆ ಅಗಿಯುತ್ತಾರೆ. ಮುದ್ದೆಯನ್ನು ಅಗಿಯುವ ಜನರನ್ನು ನೋಡುತ್ತಾ ಕೂರುವುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಗೌತಮಿಯ ಮನೆಯೊಡತಿಗೆ ನುಂಗುವುದನ್ನು ಕಲಿಸಲು ಹೋಗಿ ಆಕೆಗೆ ಕೆಮ್ಮು ಬರಿಸಿದೆ.

ಮೂರನೆಯ ಸಂಜೆ ಗೌತಮಿ ಒಬ್ಬರನ್ನು ಊಟಕ್ಕೆ ಕರೆದಿದ್ದಳು. ಅವಳ ಕಂಪನಿಯಲ್ಲಿ ವಿಮಾನದ ರೇಡಿಯೊ, ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಸಿದ್ದರಾಜು. ಮಳವಳ್ಳಿಯವನು. ನಲವತ್ತರ ಆಸುಪಾಸು. ಸಮುದ್ರ ದಾಟಿದ ಮೇಲೆ "ಚೆನ್ನಾಗಿದ್ದೀರಾ ಅಕ್ಕ" ಎಂಬ ದನಿ ಕಿವಿಗೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮುದ್ದೆ, ಉಪ್ಸಾರು ಮಾಡಿದ್ದೆ. ಅವನು ಎರಡು ಮುದ್ದೆ ನುಂಗಿದ. ದುದ್ದದಲ್ಲಿ ನಾವು ಯಾರ ಪೈಕಿ ಎಂದು ಕೇಳಿದ. ಆ ಪ್ರಶ್ನೆ ಸಮುದ್ರ ದಾಟಿದರೂ ಬಿಡುವುದಿಲ್ಲ. ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿ, ನಮ್ಮ ಕೇರಿಯ ಹೆಸರನ್ನೂ ಹೇಳಿದೆ. ಒಂದು ಕ್ಷಣ ತಡೆದು, ಇನ್ನೊಂದು ಮುದ್ದೆ ಹಾಕಿ ಎಂದ. ಅದನ್ನೂ ಉಂಡ. ಅದು ಸುಳ್ಳಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಊಟವಾದ ಮೇಲೆ ಗೌತಮಿ ಕೆಲಸದ ಮಾತು ತೆಗೆದಳು. ಪೈಲಟ್‌ಗಳ ಹತ್ತಿರ ಒಂದೊಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಹಿಂದೆ ಮೂಟೆಗಟ್ಟಲೆ ಹೊರುತ್ತಿದ್ದ ನಕ್ಷೆಗಳು, ಯಾವ ರನ್‌ವೇ ಎಷ್ಟು ಉದ್ದ, ಎಷ್ಟು ತೂಕಕ್ಕೆ ಎಷ್ಟು ವೇಗ, ಎಲ್ಲವೂ ಈಗ ಅದರೊಳಗೆ. ಮೊದಲು ಇದ್ದ ಯಂತ್ರಗಳಲ್ಲಿ ಸಾಲಿಡ್ ಸ್ಟೇಟ್ ಡಿಸ್ಕ್ ಇದ್ದವು. ಎಂದರೆ ಬರೀ ಎಲೆಕ್ಟ್ರಾನಿಕ್ ಚಿಪ್, ಒಳಗೆ ತಿರುಗುವುದು ಅಲುಗುವುದು ಏನೂ ಇಲ್ಲ. ಅವು ಹಳತಾದಾಗ ಕಂಪನಿ ಎಲ್ಲಿಂದಲೋ ಬಳಸಿ ಬಿಟ್ಟ ಯಂತ್ರಗಳನ್ನು ತರಿಸಿತು. ಅವುಗಳಲ್ಲಿರುವುದು ಹಳೆಯ ಕಾಲದ ಹಾರ್ಡ್ ಡಿಸ್ಕ್, ಎಂದರೆ ತಿರುಗುವ ತಟ್ಟೆ. ಇದು ಮೇಲೆ ಹೋದರೆ ಕೆಡುತ್ತದೆ ಎಂದು ಗೌತಮಿ ಕಚೇರಿಗೆ ಎರಡು ಸಲ ಬರೆದಿದ್ದಳು.

ಯಾಕೆ ಕೆಡುತ್ತದೆ ಎಂದು ನಾನು ಕೇಳಿದೆ. ಅವಳು ನನ್ನನ್ನೇ ಕೇಳಿದಳು.

"ದೊಡ್ಡವ್ವ, ಬೀಸೋ ಕಲ್ಗೆ ರಾಗಿ ಆಕ್ದೆ ತಿರುಗ್ಸುದ್ರೆ ಏನಾಯ್ತದೆ?"

"ಕಲ್ಲು ಕಲ್ಲನ್ನೇ ತಿಂತದೆ."

"ಅಷ್ಟೇಯ. ತಟ್ಟೆ ಮೇಲೆ ಓದೋ ಮುಳ್ಳು ಒಂದು ಐತೆ. ಅದು ತಟ್ಟೆಗೆ ತಾಗ್ಬಾರ್ದು. ನಡುವೆ ಕೂದ್ಲಿಗಿಂತ ತೆಳ್ಳಗೆ ಗಾಳಿ ಇರ್ತದೆ, ಆ ಗಾಳಿ ಮೇಲೆ ತೇಲ್ತಾ ಇರ್ತದೆ. ನಮ್ ವಿಮಾನದಲ್ಲಿ ದೊಡ್ ವಿಮಾನದಂಗೆ ಒಳಗಡೆ ಗಾಳಿ ತುಂಬ್ಸಲ್ಲ. ಹತ್ತು ಸಾವ್ರ ಅಡಿ ದಾಟುದ್ರೆ ಗಾಳಿ ತೆಳ್ಳಗಾಯ್ತದೆ. ಮುಳ್ಳು ಕೆಳೀಕೆ ಇಳೀತದೆ."

ಸಿದ್ದರಾಜು ಇದನ್ನು ಅಲ್ಲಗಳೆಯಲಿಲ್ಲ. ಅವನಿಗೆ ಗೊತ್ತಿತ್ತು. ಎಷ್ಟು ಎತ್ತರದವರೆಗೆ ಬಳಸಬಹುದೆಂದು ತಯಾರಿಸಿದವರೇ ಹೇಳಿರುತ್ತಾರಂತೆ, ಅದೇನೂ ಗುಟ್ಟಲ್ಲ. ಅವನು ಕೈ ತೊಳೆದು ಬಂದು ಹೇಳಿದ್ದು ಇಷ್ಟು:

"ಅದು ಕಂಪ್ನಿ ತೀರ್ಮಾನ ಕಣಮ್ಮ. ಅಗ್ಗಕ್ ಸಿಕ್ತು, ತಂದ್ರು. ನೀನು ಕ್ಯಾಪ್ಟನ್ ಆಗೋ ಒತ್ನಲ್ಲಿ ಯಾಕ್ ಇದ್ನ ಕೆದಕ್ತೀಯ, ಸುಮ್ಕೆ ಬುಡು."

ಮೋಡದ ಮೇಲೆ

ಮರುದಿನದ ವಿಮಾನದಲ್ಲಿ ಒಂದು ಸೀಟು ಖಾಲಿಯಿತ್ತು. ಕ್ಯಾಪ್ಟನ್ ಜೋಸೆಫ್, ಗೌತಮಿಯ ಹಿರಿಯ, ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಆ ವಿಮಾನದಲ್ಲಿ ಪೈಲಟ್‌ಗಳಿಗೂ ನಮಗೂ ನಡುವೆ ಬಾಗಿಲಿಲ್ಲ. ಮಳವಳ್ಳಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ ಹಾಗೆ. ಗೌತಮಿಯ ಮೊಣಕಾಲಿನ ಪಕ್ಕದಲ್ಲಿ ಕಬ್ಬಿಣದ ಹಿಡಿಕೆ, ಅದಕ್ಕೆ ಬಿಗಿದ ಕಂಪ್ಯೂಟರ್. ಅವಳ ಭುಜದ ಮೇಲಿಂದ ನನಗೆ ಪರದೆ ಪೂರ್ತಿ ಕಾಣುತ್ತಿತ್ತು.

ಆರುಶಾದ ಪಶ್ಚಿಮಕ್ಕೆ ದೊಡ್ಡ ಬೆಟ್ಟಗಳ ಸಾಲಿದೆ, ಸತ್ತ ಜ್ವಾಲಾಮುಖಿಗಳು. ಅವನ್ನು ದಾಟಲು ವಿಮಾನ ಏರುತ್ತಾ ಹೋಯಿತು. ಕೆಳಗೆ ಬೆಟ್ಟದ ಬಾಯಿ, ಅದರೊಳಗೆ ಒಂದು ಬಿಳಿ ಕೆರೆ, ಆಮೇಲೆ ಬರೀ ಮೋಡ. ನನಗೆ ಉಸಿರು ಸ್ವಲ್ಪ ಗಿಡ್ಡವಾಯಿತು. ಆಗಲೇ ರೇಡಿಯೊದಲ್ಲಿ ಯಾರೋ ಮಾತಾಡಿದರು. ನಾವು ಇಳಿಯಬೇಕಿದ್ದ ರನ್‌ವೇ ಮಳೆಯಲ್ಲಿ ಕೆಸರಾಗಿದೆ, ಇಳಿಯಬೇಡಿ ಎಂದು ಅದರ ಅರ್ಥವಂತೆ. ಗೌತಮಿ ಬೇರೆ ರನ್‌ವೇ ಹುಡುಕಲು ಪರದೆ ಮುಟ್ಟಿದಳು. ಅದು ಅಲುಗಲಿಲ್ಲ. ಮತ್ತೆ ಮುಟ್ಟಿದಳು. ಪರದೆ ನೀಲಿಯಾಯಿತು, ಕಪ್ಪಾಯಿತು, ಎರಡು ಸಾಲು ಬಿಳಿ ಅಕ್ಷರ ಮೂಡಿ ಹಾಗೇ ನಿಂತಿತು.

ಅವಳು ಕಿರುಚಲಿಲ್ಲ, ಗಾಬರಿಯಾಗಿ ನನ್ನ ಕಡೆ ತಿರುಗಲೂ ಇಲ್ಲ. ಕ್ಯಾಪ್ಟನ್‌ಗೆ ಒಂದು ಮಾತು ಹೇಳಿದಳು. ಅವರು ಸೀಟಿನ ಕೆಳಗೆ ಕೈ ಹಾಕಿ, ಮಡಿಕೆಗಳಲ್ಲಿ ಹರಿದು ಟೇಪು ಹಚ್ಚಿದ್ದ ಕಾಗದದ ನಕ್ಷೆ ತೆಗೆದು ಅವಳ ತೊಡೆಯ ಮೇಲಿಟ್ಟರು. ನನ್ನ ಹಿಂದೆ ಕೂತಿದ್ದ ಜರ್ಮನಿಯ ದಂಪತಿ ಮೋಡಗಳ ಫೋಟೊ ತೆಗೆಯುತ್ತಲೇ ಇದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಗೊತ್ತಾಗಿ ಸೀಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ.

ಮೋಡದ ಒಂದು ಸಂದಿನಿಂದ ಕೆಳಗಿಳಿದು, ಏರು ಬಯಲಿನ ಹುಲ್ಲಿನ ಪಟ್ಟಿಯೊಂದರ ಮೇಲೆ ಒಂದು ಸುತ್ತು ಹಾಕಿದೆವು. ಪಟ್ಟಿಯ ತುಂಬ ಜೀಬ್ರಾಗಳು. ಕಾವಲಿನವನು ಜೀಪಿನಲ್ಲಿ ಬಂದು ಅವನ್ನು ಓಡಿಸಿದ. ಇಳಿದು ಎಂಜಿನ್ ನಿಂತ ಮೇಲೆ ಆ ನಿಶ್ಶಬ್ದದಲ್ಲಿ ಕಂಪ್ಯೂಟರಿನ ಒಳಗಿಂದ ಸದ್ದು ಕೇಳಿಸಿತು. ಟಕ್, ಟಕ್, ಒಂದು ಗೀರು, ಮತ್ತೆ ಟಕ್. ಅದು ಇನ್ನೂ ಹಿಡಿಕೆಯಲ್ಲೇ ಇತ್ತು. ಗೌತಮಿ ಅದರ ತಿರುಪು ಬಿಚ್ಚಿದ್ದು ಮಾರನೆಯ ದಿನ ಆರುಶಾಕ್ಕೆ ಮರಳಿದ ಮೇಲೆ. ಬಿಚ್ಚಿ ಸಿದ್ದರಾಜುವಿನ ಕೈಗೆ ಕೊಟ್ಟಳು. ಇದೆಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಕಂಪನಿಯ ಕಚೇರಿ

ಎರಡು ದಿನ ಬಿಟ್ಟು ಗೌತಮಿಗೆ ಕರೆ ಬಂತು. ನಾನೂ ಜೊತೆಗೆ ಹೋದೆ. ಬೇಡ ಎಂದಳು, ಕೇಳಲಿಲ್ಲ.

ಮ್ಯಾನೇಜರ್ ಬಹಳ ಸಭ್ಯ ಮನುಷ್ಯ. ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ಆಮೇಲೆ ತಣ್ಣಗೆ ಹೇಳಿದ: ಯಂತ್ರವನ್ನು ಪರೀಕ್ಷಿಸಲಾಗಿದೆ, ಅದು ಕೈಜಾರಿ ಬಿದ್ದು ಹಾಳಾಗಿದೆ ಎಂದು ವರದಿ ಬಂದಿದೆ, ಉಪಕರಣಗಳನ್ನು ಜೋಪಾನ ಮಾಡದವರನ್ನು ಕ್ಯಾಪ್ಟನ್ ಮಾಡುವುದು ಸದ್ಯಕ್ಕೆ ಆಗದು. ವರದಿ ಕೊಟ್ಟವನು ಗೋಡೆಗೆ ಒರಗಿ ನಿಂತಿದ್ದ. ಸಿದ್ದರಾಜು.

ನನಗೆ ಮೈಯೆಲ್ಲ ಉರಿಯಿತು. ದುದ್ದದಲ್ಲಿ ಈ ಹುಡುಗಿಗೆ ತರಬೇತಿಯ ಸೀಟು ಸಿಕ್ಕಾಗ, ಸರ್ಕಾರ ಕೊಟ್ಟಿತು, ಇವಳಿಗೆ ತಾನೇ ಏನು ಬರುತ್ತದೆ ಎಂದವರಿದ್ದರು. ಅದನ್ನು ಕೇಳಿಯೂ ಕೇಳದ ಹಾಗೆ ಓದಿದಳು. ಸಮುದ್ರದಾಚೆ ಬಂದು, ಗಾಳಿ ಮಳೆಯಲ್ಲಿ ಹಾರಿಸಿ, ಒಂದು ದಿನವೂ ತಪ್ಪದೆ ದುಡಿದಳು. ಇಲ್ಲಿಯೂ ಅದೇ. ಎಲ್ಲಿ ಹೋದರೂ ಕೈ ಜಾರುವುದು ನಮ್ಮವರದ್ದೇ. ಅಗ್ಗದ ಯಂತ್ರ ತಂದವನ ಕೈ ಜಾರುವುದಿಲ್ಲ, ಗೊತ್ತಿದ್ದೂ ಅದನ್ನು ವಿಮಾನಕ್ಕೆ ಬಿಗಿದವನ ಕೈ ಜಾರುವುದಿಲ್ಲ.

ನನ್ನ ಹಳೆಯ ಕಚೇರಿ ಇಂಗ್ಲಿಷಿನಲ್ಲೇ ಹೇಳಿದೆ. ನಾನು ಅವಳ ಬೆನ್ನ ಹಿಂದೆ ಕೂತಿದ್ದೆ, ಯಂತ್ರ ಹಿಡಿಕೆಯಿಂದ ಕದಲಲಿಲ್ಲ, ಸತ್ತದ್ದು ಮೋಡದ ಮೇಲೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡು, ಕ್ಯಾಪ್ಟನ್ ಜೋಸೆಫ್ ಅಂಥದ್ದೇನೂ ಹೇಳಿಲ್ಲ, ತಾವು ಪ್ರಯಾಣಿಕರು, ಅದರಲ್ಲೂ ಅವಳ ದೊಡ್ಡಮ್ಮ ಎಂದ. ಅಷ್ಟಕ್ಕೆ ನನ್ನ ಕಣ್ಣು ಕುರುಡು ಎಂದಾಯಿತು.

ನಾನು ಗೋಡೆಯ ಕಡೆ ತಿರುಗಿದೆ. ಇನ್ನು ಕನ್ನಡದಲ್ಲೇ ಕೇಳಬೇಕಿತ್ತು.

"ಸಿದ್ದರಾಜು, ಅದು ಬಿತ್ತಾ? ಅಷ್ಟ್ ಏಳು ಸಾಕು."

ಅವನು ನೆಲ ನೋಡಿದ. "ಬರ್ದಿದ್ದು ಬರ್ದಾಗದೆ ಅಕ್ಕ. ನನ್ಗೂ ಎಂಡ್ತಿ ಮಕ್ಳವ್ರೆ."

"ನೀ ಬಿಗಿದ್ ಯಂತ್ರ ನಂಬ್ಕಂಡ್ ಆರಾಡೋವ್ರಿಗೆ ಯಾರೂ ಇಲ್ವಾ?"

ಯಾವ ಭಾಷೆ, ಏನು ಮಾತು ಎಂದು ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿದ. ಗೌತಮಿ ಎದ್ದು ನಿಂತು, ನನ್ನಷ್ಟು ಸಿಟ್ಟಿಲ್ಲದೆ, ಒಂದೊಂದೇ ಮಾತು ಹೇಳಿದಳು. ತಿರುಗುವ ತಟ್ಟೆಯ ಯಂತ್ರ ಇಟ್ಟುಕೊಂಡು ತಾನು ಆ ಬೆಟ್ಟ ದಾಟುವುದಿಲ್ಲ, ಚಿಪ್‌ನ ಡಿಸ್ಕ್ ಹಾಕಿದ ದಿನ ಬರುತ್ತೇನೆ. ಹಾಗಾದರೆ ಮನೆಯಲ್ಲಿರಿ ಎಂದ ಮ್ಯಾನೇಜರ್.

ಹೊರಗೆ ಬಂದರೆ ಸುದ್ದಿ ಆಗಲೇ ಹಬ್ಬಿತ್ತು. ಇಂಧನ ತುಂಬುವವನು, ಚಹಾದ ಹೆಂಗಸು, ಗೇಟಿನ ಕಾವಲಿನವನು, ಒಬ್ಬೊಬ್ಬರೂ ಗೌತಮಿಯ ಕೈ ಹಿಡಿದು "ಪೋಲೆ ಸಾನಾ", ತುಂಬ ಬೇಜಾರಾಯಿತು, ಎಂದರು. ತಮ್ಮದಲ್ಲದ ತಪ್ಪಿಗೆ ಇಡೀ ಊರು ನೊಂದುಕೊಳ್ಳುವ ದೇಶ ಅದು. ಹೇಳಬೇಕಾದ ಇಬ್ಬರು ಮಾತ್ರ ಒಳಗೆ ಚಹಾ ಕುಡಿಯುತ್ತಿದ್ದರು.

ಮೋಶಿ

ಕೆಲಸವಿಲ್ಲದೆ ಮನೆಯಲ್ಲಿ ಕೂತ ಗೌತಮಿ ಮಾತು ಕಡಿಮೆ ಮಾಡಿದಳು. ಕಿಟಕಿಯಾಚೆ ವಿಮಾನದ ಸದ್ದು ಕೇಳಿದಾಗಲೆಲ್ಲ ತಲೆಯೆತ್ತುತ್ತಿದ್ದಳು. ಭಾನುವಾರ ಕ್ಯಾಪ್ಟನ್ ಜೋಸೆಫ್ ತಮ್ಮ ಊರಿಗೆ ಕರೆದೊಯ್ದರು. ಮೋಶಿಯ ಕೆಳಗಿನ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು, ಕಾಲುವೆಯಲ್ಲಿ ನೀರು, ಕಾರ್ಖಾನೆಯ ಕಡೆಯಿಂದ ಬೆಲ್ಲದಂಥ ಹುಳಿ ವಾಸನೆ. ಕಣ್ಣು ಮುಚ್ಚಿದರೆ ಮಂಡ್ಯವೇ. ಕಣ್ಣು ಬಿಟ್ಟರೆ ಕಬ್ಬಿನ ಮೇಲೆ ಹಿಮದ ಬೆಟ್ಟ.

ಬಾಳೆಕಾಯಿ ಹಾಕಿದ ಮಾಂಸದ ಸಾರು ಉಂಡ ಮೇಲೆ ಜೋಸೆಫ್ ತಾವಾಗಿಯೇ ಮಾತು ತೆಗೆದರು. ಅವರ ಯಂತ್ರವೂ ಮೇಲೆ ಸತ್ತಿತ್ತಂತೆ, ಒಂದು ಸಲವಲ್ಲ. ಪ್ರತಿ ಸಲವೂ ಸುಮ್ಮನೆ ಬೇರೆ ಪಡೆದುಕೊಂಡು, ಕೊನೆಗೆ ಬೆಟ್ಟದ ಮೇಲೆ ಅದನ್ನು ಹಚ್ಚುವುದನ್ನೇ ಬಿಟ್ಟು, ಕಾಗದದ ನಕ್ಷೆಯನ್ನು ಸೀಟಿನ ಕೆಳಗೆ ಇಟ್ಟುಕೊಂಡಿದ್ದರು. ನಿವೃತ್ತಿ ಹತ್ತಿರವಿದೆ, ಯಾಕೆ ಜಗಳ ಎಂದು. ಉಳಿದ ಪೈಲಟ್‌ಗಳಿಗೂ ಗೊತ್ತಂತೆ.

ಅವರ ಮನೆಯ ಅನ್ನ ಉಂಡು ಕೂತಿದ್ದೆ. ಆದರೂ ತಡೆಯಲಾಗಲಿಲ್ಲ. ನಿಮಗೆ ನಕ್ಷೆಯಿತ್ತು, ನೀವು ಪಕ್ಕದಲ್ಲಿಲ್ಲದ ದಿನ ಆ ಹುಡುಗಿಗೆ ಏನಿರುತ್ತಿತ್ತು ಎಂದು ಕೇಳಿದೆ. ನೀವೆಲ್ಲ ಜಾಣರಾಗಿ ಸುಮ್ಮನಿದ್ದಿರಿ, ಬಾಯಿಬಿಟ್ಟವಳ ತಲೆಗೆ ಕಟ್ಟಿದರು ಎಂದೆ. ಗೌತಮಿ ನನ್ನ ಸೆರಗು ಜಗ್ಗಿದಳು. ಅವರ ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಜೋಸೆಫ್ ಬೇಜಾರು ಮಾಡಿಕೊಳ್ಳಲಿಲ್ಲ. ಗೌತಮಿಯ ಕಡೆ ತಿರುಗಿ "ಪೋಲೆ" ಎಂದರು. ಆ ದೇಶದಲ್ಲಿ ನೂರು ಬಾಯಿಂದ ಆ ಮಾತು ಕೇಳಿದ್ದೆ. ತೂಕವಿದ್ದದ್ದು ಅದೊಂದಕ್ಕೆ.

ಸೋಮವಾರ ಬೆಳಿಗ್ಗೆ ಅವರು ಮ್ಯಾನೇಜರನ ಮೇಜಿನ ಮೇಲೆ ತಮ್ಮ ಕಂಪ್ಯೂಟರ್ ಇಟ್ಟು, ಇದರ ಜೊತೆ ನಾನೂ ಹಾರುವುದಿಲ್ಲ ಎಂದರಂತೆ. ಅವರ ಹಿಂದೆ ಇನ್ನಿಬ್ಬರು ಇಟ್ಟರು. ಆಮೇಲೆ ಉಳಿದವರು. ನಾನು ಆಗ ಹೊರಗೆ ಚಹಾದ ಹೆಂಗಸಿನ ಬೆಂಚಿನ ಮೇಲೆ ಕೂತಿದ್ದೆ. ಕಾಡಿಗೆ ಹೊರಟು ನಿಂತಿದ್ದ ಪ್ರವಾಸಿಗರು ಖಾಕಿ ಟೋಪಿ ಹಾಕಿಕೊಂಡು ಅತ್ತಿಂದಿತ್ತ ಸುತ್ತುತ್ತಿದ್ದರು. ವಿಮಾನಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಅಷ್ಟು ದಿನ ಆಗದ್ದು ಆ ಮಧ್ಯಾಹ್ನದೊಳಗೆ ಆಯಿತು. ನೈರೋಬಿಯಿಂದ ಸಾಲಿಡ್ ಸ್ಟೇಟ್ ಡಿಸ್ಕ್‌ಗಳನ್ನು ತರಿಸಲು ಮ್ಯಾನೇಜರ್ ಒಪ್ಪಿದ. ಅವು ಬಂದವು, ಸಿದ್ದರಾಜುವೇ ಕೂತು ಹಾಕಿದ. ಗೌತಮಿ ಕೆಲಸಕ್ಕೆ ಮರಳಿದಳು. ಅದೇ ಬೆಟ್ಟದ ಮೇಲೆ, ಅದೇ ಎತ್ತರದಲ್ಲಿ, ಪರದೆ ಒಮ್ಮೆಯೂ ಮಂಕಾಗಲಿಲ್ಲ ಎಂದು ಬಂದು ಹೇಳಿದಳು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಸಮಾಧಾನ. ಆದರೆ ಆಮೇಲೆ ಆದದ್ದನ್ನೂ ಕೇಳಿ. ಪೈಲಟ್‌ಗಳ ಸುರಕ್ಷತೆಯ ಬಗ್ಗೆ ಕಂಪನಿಗಿರುವ ಕಾಳಜಿಯಿಂದ ಹೊಸ ಡಿಸ್ಕ್‌ಗಳನ್ನು ಅಳವಡಿಸಲಾಗಿದೆ ಎಂದು ನೋಟಿಸ್ ಅಂಟಿಸಿದರು. ಗೌತಮಿಯ ಮೇಲಿನ ವರದಿಯನ್ನು ತೆಗೆಯಲಿಲ್ಲ. ಕ್ಯಾಪ್ಟನ್ ಹುದ್ದೆ ಅವಳಿಗಿಂತ ಆಮೇಲೆ ಸೇರಿದ ಒಬ್ಬನಿಗೆ ಹೋಯಿತು. ಅವಳು ಆ ದೇಶದ ವಿಮಾನಯಾನ ಇಲಾಖೆಗೆ ದೂರು ಬರೆದಿದ್ದಾಳೆ. ಜೋಸೆಫ್ ಸಹಿ ಹಾಕಿದ್ದಾರೆ, ಕಣ್ಣಿದ್ದೂ ಕುರುಡಿಯಾದ ನಾನೂ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಹೇಗೋ ಮುಗಿಯಿತಲ್ಲ, ಜೀವಕ್ಕೇನೂ ಆಗಲಿಲ್ಲವಲ್ಲ ಎಂದು ಇಲ್ಲಿ ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ಏನೂ ಮುಗಿದಿಲ್ಲ.

ಹೊರಡುವ ದಿನ

ಗೌತಮಿಗೆ ಅಂದು ಹಾರಾಟವಿತ್ತು. ಬೆಳಿಗ್ಗೆಯೇ ನನ್ನ ಕಾಲು ಮುಟ್ಟಿ, ಸಮವಸ್ತ್ರದ ಭುಜಪಟ್ಟಿ ಸರಿಮಾಡಿಕೊಂಡು ಹೊರಟಳು. ಅದರಲ್ಲಿ ಕ್ಯಾಪ್ಟನ್ನಿನ ಪಟ್ಟೆಗಿಂತ ಒಂದು ಕಡಿಮೆ ಇತ್ತು. ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಟ್ಯಾಕ್ಸಿ ಹೇಳಿದ್ದೆವು. ಅಲ್ಲಿ ಇಳಿದು ನೋಡಿದರೆ ನಿಲ್ದಾಣದ ಬಾಗಿಲ ಹತ್ತಿರ ಸಿದ್ದರಾಜು ನಿಂತಿದ್ದ, ಕೈಯಲ್ಲಿ ಕಾಫಿ ಪುಡಿಯ ಒಂದು ಪೊಟ್ಟಣ.

ನನ್ನ ಪೆಟ್ಟಿಗೆ ಎತ್ತಿಕೊಳ್ಳಲು ಬಂದ. ಕೊಡಲಿಲ್ಲ. ಪಕ್ಕದಲ್ಲೇ ನಡೆದ. ಆ ವರದಿ ಬರೆಯದಿದ್ದರೆ ತನ್ನನ್ನು ಅಂದೇ ಊರಿಗೆ ಕಳಿಸುತ್ತಿದ್ದರು ಎಂದ. ಈಗ ಅದನ್ನು ತಿದ್ದಿಕೊಡಬಹುದಲ್ಲ ಎಂದು ಕೇಳಿದೆ. ನೋಡೋಣ ಎಂದ. ನೋಡೋಣ ಎಂದರೇನೆಂದು ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಯಾರೂ ವಿವರಿಸಬೇಕಿಲ್ಲ. ಒಳಗೆ ಹೋಗುವ ಗೆರೆಯ ಹತ್ತಿರ ನಿಂತು, ಅವನು ಬಂದ ಕಾರಣವನ್ನು ಕೊನೆಗೂ ಬಾಯಿಬಿಟ್ಟ.

"ಅಕ್ಕ, ಊರ್ ಕಡೆ ಇದ್ನ ಯಾರ್ಗೂ ಏಳ್ಬೇಡಿ. ಮಳವಳ್ಳೀಲಿ ನಮ್ಮಪ್ಪನ್ಗೆ ಒಳ್ಳೆ ಎಸ್ರದೆ."

ಅವನ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಗೌತಮಿಯ ಅಪ್ಪನಿಗೂ ದುದ್ದದಲ್ಲಿ ಒಂದು ಹೆಸರಿದೆ. ಅದನ್ನು ಅವನು ಒಂದೊಂದೇ ಇಟ್ಟಿಗೆಯಾಗಿ ಕಟ್ಟಿಕೊಂಡದ್ದು.

"ಏಳ್ತೀನಿ ಕಣಪ್ಪ" ಎಂದೆ. "ನೀನು ನಿಜ ಬರ್ಕೊಟ್ ದಿನ ಅದ್ನೂ ಏಳ್ತೀನಿ."

ಕಾಫಿ ಪೊಟ್ಟಣವನ್ನು ಅವನ ಕೈಯಲ್ಲೇ ಬಿಟ್ಟು ಒಳಗೆ ಹೋದೆ. ಇದನ್ನು ಬರೆಯುವಾಗ ಅವನ ಹೆಸರನ್ನು ಬದಲಿಸಿದ್ದೇನೆ. ಅವನ ಊರಿನ ಹೆಸರನ್ನು ಬದಲಿಸಿಲ್ಲ.